ತಾಯಲೂರಿಗೆ ನಾಯಿಯೊಡನೆ ಮೂರು ದಿನ

ಬೆಂಗಳೂರಿನಿಂದ ತಿರುಪತಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕೋಲಾರವನ್ನು ದಾಟಿದ ಮೇಲೆ ನೆಲದ ಸ್ವರೂಪವೇ ಬೇರೆಯಾಗುತ್ತದೆ. ಎರಡು ಪಕ್ಕಗಳಲ್ಲಿಯೂ ಬೋಳುಬಂಡೆಯ ಬೆಟ್ಟಗಳು. ಯಾರೋ ಮೇಲಿನಿಂದ ಸುರಿದು ಹೋದಂತೆ ಒಂದರ ಮೇಲೊಂದು ಕುಳಿತಿರುವ ಗುಂಡುಕಲ್ಲುಗಳು. ಅವುಗಳ ಬುಡದಲ್ಲಿ ಕೆರೆಯ ಏರಿ, ಹುಣಿಸೆಯ ಸಾಲು, ಹೊಂಗೆಯ ತೋಪು. ಈ ಸೀಮೆಯ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆದರೆ ಈ ದಾರಿಯಲ್ಲಿ ಹೋಗುವ ಯಾತ್ರಿಕರಲ್ಲಿ ಹೆಚ್ಚಿನವರು ಮುಳಬಾಗಿಲಿನಲ್ಲಿ ದೋಸೆ ತಿನ್ನುವುದಕ್ಕೆ ಇಳಿಯುತ್ತಾರೆಯೇ ಹೊರತು ಕಲ್ಲಿನ ಕಡೆಗೆ ತಿರುಗಿ ನೋಡುವುದಿಲ್ಲ. ದೋಸೆ ಮುಗಿಯುತ್ತಲೇ ಗಾಡಿ ಹತ್ತಿ ಗಡಿ ದಾಟಿಬಿಡುತ್ತಾರೆ.

ಮುಳಬಾಗಿಲು ಎಂದರೆ ಮೂಡಣ ಬಾಗಿಲು. ನಾಡಿಗೆ ಪೂರ್ವದ ಹೆಬ್ಬಾಗಿಲಾಗಿ ನಿಂತ ಊರೆಂದು ಆ ಹೆಸರು ಬಂದಿತೆನ್ನುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇಲ್ಲಿಯೇ. ಈ ತಾಲ್ಲೂಕಿನ ಹೋಬಳಿಗಳಲ್ಲಿ ತಾಯಲೂರು ಒಂದು. ಆಂಧ್ರದ ಗಡಿ ಇಲ್ಲಿಗೆ ಬಹು ದೂರವಲ್ಲ. ಆದುದರಿಂದ ಊರಿನ ನಾಲಗೆಯಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯ ಅಕ್ಕತಂಗಿಯರಂತೆ ಇರುತ್ತವೆ. ರಾಗಿ, ಹಿಪ್ಪುನೇರಳೆ, ಟೊಮೆಟೊ, ಮಾವು, ಹಸು ಇವೇ ಸುತ್ತಲಿನ ಹಳ್ಳಿಗಳ ಬದುಕು. ಪ್ರವಾಸಿಗರಿಗೆಂದು ಕಟ್ಟಿದ ಹೋಟೆಲಾಗಲಿ ಫಲಕವಾಗಲಿ ಹುಡುಕುವವರು ಬೇರೆಡೆಗೆ ಹೋಗುವುದು ಲೇಸು. ಡೇರೆ ಹೂಡಿ, ಬೆಟ್ಟ ಹತ್ತಿ, ಮೂರು ದಿನ ನೆಲದ ಮೇಲೆ ಮಲಗಿ ಬರುತ್ತೇವೆನ್ನುವವರಿಗೆ ಇದಕ್ಕಿಂತ ಹತ್ತಿರದಲ್ಲಿ ಇಷ್ಟು ವಿಶಾಲವಾದ ಆಕಾಶ ದೊರೆಯುವುದು ಕಷ್ಟ.

ರಾಜನ ಪ್ರಯಾಣ

ಜನವರಿ 26 ಶುಕ್ರವಾರವೋ ಸೋಮವಾರವೋ ಬಂದಿತೆಂದರೆ ಪಟ್ಟಣದ ಸಂಸಾರಗಳಿಗೆ ಮೂರು ದಿನಗಳ ರಜೆ ಒಟ್ಟಿಗೆ ಕೈಗೆ ಬರುತ್ತದೆ. ಅಂಥದೊಂದು ರಜೆಯಲ್ಲಿ ಬೆಂಗಳೂರಿನ ಒಂದು ಸಂಸಾರ ತಾಯಲೂರಿನ ಕಡೆಗೆ ಹೊರಟಿತು. ಬ್ಯಾಂಕಿನ ಉದ್ಯೋಗದಲ್ಲಿರುವ ಯಜಮಾನರು, ಶಾಲೆಯಲ್ಲಿ ಉಪಾಧ್ಯಾಯಿನಿಯಾದ ಅವರ ಮಡದಿ, ಹನ್ನೊಂದು ವರ್ಷದ ಮಗಳು ಮತ್ತು ರಾಜ. ರಾಜನಿಗೆ ನಾಲ್ಕು ವರ್ಷ. ಮಳೆಗಾಲದ ಒಂದು ರಾತ್ರಿ ಮಹಡಿಯ ಮೆಟ್ಟಿಲಿನ ಕೆಳಗೆ ನಡುಗುತ್ತಿದ್ದ ಮರಿ. ಈಗ ಹದಿನೆಂಟು ಕಿಲೋ ತೂಗುವ ಕಂದುಬಣ್ಣದ ನಾಯಿ. ಯಾವ ತಳಿಯೆಂದು ಕೇಳಿದವರಿಗೆಲ್ಲ ಮಗಳು, "ನಮ್ಮ ಬೀದಿಯ ತಳಿ" ಎಂದು ಸಂಕೋಚವಿಲ್ಲದೆ ಹೇಳುತ್ತಾಳೆ.

ಹಿಂದಿನ ರಜೆಗಳಲ್ಲೆಲ್ಲ ಈ ಮನೆಯಲ್ಲಿ ಒಂದೇ ಚರ್ಚೆ: ರಾಜನನ್ನು ಎಲ್ಲಿ ಬಿಡುವುದು? ಹೋಟೆಲುಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ನೆಂಟರ ಮನೆಯಲ್ಲಿ ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಮಡಿ. ಹಣ ಕೊಟ್ಟು ಬಿಟ್ಟುಬರುವ ಕಡೆ ಒಮ್ಮೆ ಬಿಟ್ಟಿದ್ದಾಗ ಅದು ಎರಡು ದಿನ ಊಟ ಮುಟ್ಟಿರಲಿಲ್ಲ. ಈ ಸಲ ಡೇರೆಯಲ್ಲಿಯೇ ಬಿಡಾರವೆಂದು ಗೊತ್ತಾದ ಮೇಲೆ ಚರ್ಚೆಗೆ ಅವಕಾಶವೇ ಉಳಿಯಲಿಲ್ಲ.

ಹೊರಡುವ ಮೊದಲು ಪಶುವೈದ್ಯರಲ್ಲಿಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯ ಅವಧಿ ಮುಗಿದಿಲ್ಲವೆಂಬುದನ್ನು ನೋಡಿಕೊಂಡರು. ಹಳ್ಳಿಯ ನಾಯಿಗಳ ನಡುವೆ ಓಡಾಡುವ ಪಟ್ಟಣದ ನಾಯಿಗೆ ಈ ಲಸಿಕೆಯೂ ಡಿಸ್ಟೆಂಪರ್ ರೋಗದ ಲಸಿಕೆಯೂ ಆಗಿರತಕ್ಕದ್ದು; ಅದು ತನ್ನ ರಕ್ಷಣೆಗೂ ಹೌದು, ಆ ನಾಯಿಗಳ ರಕ್ಷಣೆಗೂ ಹೌದು. ಗಟ್ಟಿಯಾದ ಹಗ್ಗ, ಕೊರಳಪಟ್ಟಿಯ ಮೇಲೆ ಮನೆಯ ದೂರವಾಣಿ ಸಂಖ್ಯೆ, ಒಂದು ಅಗಲವಾದ ತಟ್ಟೆ, ಹತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ನೀರು, ಇಷ್ಟು ರಾಜನ ಸಾಮಾನು. ಮನುಷ್ಯರ ಸಾಮಾನು ಇದಕ್ಕಿಂತ ನಾಲ್ಕು ಪಟ್ಟು ಇತ್ತೆಂಬುದನ್ನು ಹೇಳಬೇಕಾದುದಿಲ್ಲ.

ಕೋತಿಗಳ ಗಂಗೆ

ಬೆಳಗಿನ ಜಾವ ಐದು ಗಂಟೆಗೆ ಹೊರಟ ಕಾರು ಬಿಸಿಲೇರುವ ಮೊದಲೇ ಕೋಲಾರ ಸೇರಿತು. ಕಾರು ನಡೆಸುತ್ತಿದ್ದವರು ಮನೆಯಾಕೆ. ಊರ ಪಕ್ಕದ ಶತಶೃಂಗ ಪರ್ವತದ ಮೇಲೆ ಅಂತರಗಂಗೆ ಇದೆ. ಬಸವನ ಕಲ್ಲಿನ ಬಾಯಿಂದ ನೀರು ಕೊಳಕ್ಕೆ ಬೀಳುತ್ತಿರುತ್ತದೆ. ನದಿಯಿಲ್ಲದ ಸೀಮೆಯಲ್ಲಿ ಬಂಡೆಯೊಳಗಿನಿಂದ ಬರುವ ನೀರಿಗೆ ಗಂಗೆಯೆಂಬ ಹೆಸರು ಬಂದುದರಲ್ಲಿ ಆಶ್ಚರ್ಯವೇನು?

ಆದರೆ ನಾಯಿಯನ್ನು ಕರೆದುಕೊಂಡು ಹೋಗುವವರಿಗೆ ಈ ಬೆಟ್ಟ ಮೊದಲ ಪಾಠವನ್ನು ಕಲಿಸುತ್ತದೆ. ಮೆಟ್ಟಿಲುಗಳ ಉದ್ದಕ್ಕೂ ಕೋತಿಗಳ ಸಂಸಾರ. ಕೆಳಗಿನ ಮೆಟ್ಟಿಲಿನಲ್ಲಿಯೇ ಒಂದು ಗಡವ ಹಲ್ಲು ಕಿರಿದು ನಿಂತಿತು. ರಾಜನ ಬೆನ್ನಿನ ಕೂದಲು ನಿಮಿರಿತು. ಹಗ್ಗ ಹಿಡಿದಿದ್ದ ಯಜಮಾನರು ಎರಡು ಹೆಜ್ಜೆ ಎಳೆಯಲ್ಪಟ್ಟರು. ಮೇಲೆ ಹೋಗಿ ಕಾಣಬೇಕಾದುದು ಕಾಶಿ ವಿಶ್ವೇಶ್ವರನ ಗುಡಿ. ಅಲ್ಲಿಗೆ ನಾಯಿಯನ್ನು ಕರೆದೊಯ್ಯುವ ಮಾತಂತೂ ಇಲ್ಲ. ಸರದಿಯಂತೆ ಒಬ್ಬರು ಕೆಳಗೆ ಹುಣಿಸೆಯ ನೆರಳಿನಲ್ಲಿ ರಾಜನೊಡನೆ ಕುಳಿತರು, ಉಳಿದವರು ಹತ್ತಿಬಂದರು. ಮೂರು ದಿನವೂ ಇದೇ ನಿಯಮವಾಯಿತು. ಇದರಿಂದ ಒಂದು ಲಾಭವೂ ಉಂಟಾಯಿತು: ಪ್ರತಿಯೊಂದು ಕ್ಷೇತ್ರದಲ್ಲಿಯೂ ಅರ್ಧಗಂಟೆ ಸುಮ್ಮನೆ ಕುಳಿತವರಿಗೆ, ಓಡುತ್ತ ನೋಡುವವರಿಗೆ ಕಾಣದ ಸಂಗತಿಗಳು ಕಂಡವು. ಹೂ ಮಾರುವಾಕೆ ತನ್ನ ಬುಟ್ಟಿಗೆ ನೀರು ಚಿಮುಕಿಸಿ ಉಳಿದ ನೀರನ್ನು ಒಂದು ತೆಂಗಿನ ಕರಟದಲ್ಲಿ ಸುರಿದು ಬೀದಿಯ ನಾಯಿಗೆ ಇಟ್ಟುದನ್ನು ಮಗಳು ಕಂಡದ್ದು ಹಾಗೆಯೇ.

ಜಾಗ ಕೇಳುವ ಬಗೆ

ಮುಳಬಾಗಿಲಿನಲ್ಲಿ ದೋಸೆಯ ಪ್ರಕರಣ ಮುಗಿದು ತಾಯಲೂರಿನ ಸುತ್ತಿನ ಹಳ್ಳಿಯೊಂದಕ್ಕೆ ಬಂದಾಗ ಮಧ್ಯಾಹ್ನ. ಬೆಟ್ಟದ ಬುಡ ಕಾಣುತ್ತದೆ, ಬಯಲು ಕಾಣುತ್ತದೆ. ಗಾಡಿ ನಿಲ್ಲಿಸಿ ಡೇರೆ ಹೂಡಿದರೆ ಯಾರು ಬೇಡವೆನ್ನುತ್ತಾರೆ ಎಂದು ಪಟ್ಟಣದವರಿಗೆ ಅನಿಸುವುದು ಸಹಜ. ಆದರೆ ಹಳ್ಳಿಯಲ್ಲಿ ಯಾರದೂ ಅಲ್ಲದ ನೆಲವೆಂಬುದು ಬಹಳ ಕಡಿಮೆ. ಒಂದು ಕಡೆ ಒಬ್ಬರ ಹೊಲ, ಇನ್ನೊಂದು ಕಡೆ ದನ ಮೇಯುವ ಗೋಮಾಳ, ಅದರಾಚೆ ಅರಣ್ಯ ಇಲಾಖೆಯ ಗಡಿಕಲ್ಲು. ಅರಣ್ಯದ ಒಳಗೆ ಅಪ್ಪಣೆಯಿಲ್ಲದೆ ತಂಗುವಂತಿಲ್ಲ. ಅಲ್ಲಿಗೆ ನಾಯಿಯನ್ನು ಕರೆದೊಯ್ಯುವುದೂ ಸಲ್ಲದು. ಆದುದರಿಂದ ಕೇಳಿ ಇಳಿಯುವುದೇ ಮರ್ಯಾದೆ.

ಕೇಳಿದ್ದು ಒಬ್ಬ ವೃದ್ಧೆಯನ್ನು. ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದಾಕೆ ಮೊದಲು ಮನೆಯವರನ್ನು ನೋಡಿದರು, ಆಮೇಲೆ ರಾಜನನ್ನು ನೋಡಿದರು.

"ಅವ್ವ, ಎರಡು ರಾತ್ರಿ ಇರೋಕೆ ಜಾಗ ಸಿಗುತ್ತದೆಯೇ? ಡೇರೆ ನಾವೇ ತಂದಿದ್ದೇವೆ. ಆ ಮಾವಿನ ತೋಪು ಯಾರದು?"

"ತೋಪು ನಮ್ಮುಡುಗಂದೇ. ಆದ್ರೆ ಅಲ್ಲಿ ಬೇಡ ತಾಯಿ. ಮಾವು ಹೂ ಬಿಟ್ಟದೆ, ನೆನ್ನೆ ಔಷಧಿ ಹೊಡ್ದವ್ರೆ. ನಿಮ್ ನಾಯಿ ಹುಲ್ಲುಗಿಲ್ಲು ಕಚ್ಚಿದ್ರೆ ಕಷ್ಟ. ರಾಗಿ ಹೊಲ ಕುಯ್ದಾಗದೆ, ಅಲ್ಲಿಳ್ಕೊಳ್ಳಿ. ಮೆದೆ ಹತ್ರ ಮಾತ್ರ ಬೆಂಕಿ ಹಾಕ್ಬೇಡಿ."

ಎರಡೇ ಮಾತಿನಲ್ಲಿ ಎರಡು ಅಪಾಯಗಳು ದೂರವಾದವು. ಮಾಘದ ಹೊತ್ತಿಗೆ ಮಾವು ಹೂ ತಳೆಯುತ್ತದೆ. ಆಗ ಜಿಗಿಹುಳದ ಬಾಧೆಗೆ ತೋಟಗಳಲ್ಲಿ ಕೀಟನಾಶಕವನ್ನು ಸಿಂಪಡಿಸುತ್ತಾರೆ. ಮನುಷ್ಯ ಮರದ ಮೇಲಿನ ಹೂವನ್ನು ನೋಡುತ್ತಾನೆ. ನಾಯಿಯ ಮೂಗು ಇರುವುದು ಔಷಧಿ ತೊಟ್ಟಿಕ್ಕಿದ ಹುಲ್ಲಿನಲ್ಲಿ. ಹಾಗೆಯೇ ರೇಷ್ಮೆಹುಳು ಸಾಕುವ ಮನೆಯ ಹತ್ತಿರಕ್ಕೂ ಹೋಗಬೇಡಿರೆಂದು ಆಕೆ ತಿಳಿಸಿದರು. ಹೊರಗಿನವರ ಕಾಲಿನ ಧೂಳಿನೊಡನೆ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ಕೊಯ್ದ ರಾಗಿ ಹೊಲದ ಕೂಳೆಯ ನಡುವೆ ಬದುವಿನ ಪಕ್ಕದಲ್ಲಿ ಡೇರೆ ಎದ್ದಿತು. ಅಡಿಗೆ ಅನಿಲದ ಸಣ್ಣ ಒಲೆಯ ಮೇಲೆ ನಡೆಯಿತು. ರಾಗಿಯ ಮೆದೆಯೆಂದರೆ ಹಸುಗಳಿಗೆ ವರ್ಷದ ಊಟ. ಪ್ರವಾಸಿಗರ ಒಂದು ಕಿಡಿಗೆ ಅದು ಬಲಿಯಾದರೆ ಯಾವ ಹಣವೂ ಅದನ್ನು ತುಂಬಲಾರದು.

ಸಂಜೆಯ ಹೊತ್ತಿಗೆ ಊರ ನಾಯಿಗಳು ಮೂರು ಬದುವಿನ ಮೇಲೆ ಬಂದು ನಿಂತವು. ರಾಜ ಗುರುಗುಟ್ಟಿತು, ಅವೂ ಗುರುಗುಟ್ಟಿದವು. ವೃದ್ಧೆಯ ಮೊಮ್ಮಗ ಬಂದು ಅವುಗಳನ್ನು ಹೆಸರು ಹಿಡಿದು ಕರೆದ ಮೇಲೆ ಸಂಧಿಯಾಯಿತು. ನಾಯಿಗಳ ನಡುವೆ ಕೈಹಾಕಿ ಬಿಡಿಸುವ ಸಾಹಸವನ್ನು ಯಾರೂ ಮಾಡಬಾರದು. ಹಾಗೊಂದು ವೇಳೆ ಕಚ್ಚಿಸಿಕೊಂಡರೆ ಗಾಯವನ್ನು ಕೂಡಲೆ ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ ಹಚ್ಚುತ್ತ ಕಾಲ ಕಳೆಯತಕ್ಕದ್ದಲ್ಲ.

ಹೊತ್ತು ಮುಳುಗಿದ ಮೇಲೆ ವೃದ್ಧೆ ಮತ್ತೊಮ್ಮೆ ಬಂದರು. ಕೈಯಲ್ಲಿ ಮುದ್ದೆ, ಅವರೆಕಾಳಿನ ಸಾರು.

"ರಾತ್ರಿ ನಾಯೀನ ಬಿಡ್ಬೇಡಿ ತಾಯಿ. ಚಿರತೆ ಓಡಾಡ್ತದೆ. ಒಂದೊಂದು ವರ್ಷ ಆ ಕಡೆಯಿಂದ ಆನೇನೂ ಬರ್ತವೆ. ನಾಯಿ ಬೊಗಳ್ಕೊಂಡು ಮುಂದಕ್ಕೋಗ್ತದೆ. ಆನೆ ತಿರುಗ್ತು ಅಂದ್ರೆ ನಿಮ್ಮತ್ರಾನೇ ಓಡ್ಬರ್ತದೆ. ಅದ್ರ ಹಿಂದೇನೇ ಆನೆ."

ಇದು ಹೆದರಿಸುವ ಕಥೆಯಲ್ಲ. ಗಡಿಯಾಚೆ ಆಂಧ್ರದಲ್ಲಿ ಕೌಂಡಿನ್ಯ ಅಭಯಾರಣ್ಯವಿದೆ. ಅಲ್ಲಿನ ಆನೆಗಳಿಗೆ ರಾಜ್ಯಗಳ ಗಡಿರೇಖೆ ತಿಳಿಯದು. ಕೋಲಾರ ಜಿಲ್ಲೆಯ ಗಡಿಹಳ್ಳಿಗಳ ಬೆಳೆಗೆ ಅವು ಆಗಾಗ್ಗೆ ನುಗ್ಗುತ್ತವೆ. ಚಿರತೆಗಂತೂ ಊರ ಅಂಚಿನ ನಾಯಿಯೇ ಸುಲಭದ ಬೇಟೆ. ಡೇರೆಯ ಹೊರಗೆ ಕಾವಲಿಗೆ ಕಟ್ಟಿಹಾಕಬೇಕೆಂದು ಯಜಮಾನರು ಯೋಚಿಸಿದ್ದ ರಾಜ ಅಂದು ಡೇರೆಯ ಒಳಗೆ, ಮಗಳ ಕಾಲಿನ ಬಳಿ ಮಲಗಿತು. ಕಾವಲು ಕಾಯುವುದಕ್ಕೆಂದು ತಂದ ಪ್ರಾಣಿಯನ್ನು ಮನುಷ್ಯರು ಕಾಯಬೇಕಾಯಿತು. ನಡುರಾತ್ರಿಯಲ್ಲಿ ಎಲ್ಲಿಯೋ ದೂರದಲ್ಲಿ ಪಟಾಕಿ ಸಿಡಿದ ಸದ್ದು ಕೇಳಿಸಿತು. ಹೊಲ ಕಾಯುವವರು ಹಂದಿಗಳನ್ನು ಬೆದರಿಸುತ್ತಿದ್ದರೆಂದು ಬೆಳಗ್ಗೆ ಗೊತ್ತಾಯಿತು. ರಾಜ ಮಾತ್ರ ಕಿವಿ ನಿಗುರಿಸಿ ಬಹಳ ಹೊತ್ತು ಎಚ್ಚರವಾಗಿತ್ತು.

ಆವಣಿಯ ಬೆಟ್ಟದ ಮೇಲೆ

ಎರಡನೆಯ ದಿನ ಆವಣಿ. ಲವಕುಶರು ಹುಟ್ಟಿದ ಸ್ಥಳವೆಂದೂ ವಾಲ್ಮೀಕಿಯ ಆಶ್ರಮವಿದ್ದ ಬೆಟ್ಟವೆಂದೂ ಜನರ ನಂಬಿಕೆ. ಬೆಟ್ಟದ ತುದಿಯಲ್ಲಿ ಸೀತಾ ಪಾರ್ವತಿಯ ಗುಡಿ. ಮಕ್ಕಳಿಲ್ಲದವರು ಹರಕೆ ಹೊತ್ತು ಹತ್ತುತ್ತಾರೆ. ಕೆಳಗೆ ರಾಮಲಿಂಗೇಶ್ವರನ ಪ್ರಾಕಾರ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿ ಬೇರೆ ಬೇರೆ ಲಿಂಗಗಳೂ ಗುಡಿಗಳೂ ಒಂದೇ ಅಂಗಳದಲ್ಲಿವೆ. ನೊಳಂಬರ ಕಾಲದಲ್ಲಿ ಮೊದಲಾದ ಈ ಕಟ್ಟಡಗಳನ್ನು ಈಗ ಭಾರತೀಯ ಪುರಾತತ್ತ್ವ ಇಲಾಖೆ ರಕ್ಷಿಸುತ್ತಿದೆ. ಶಿವರಾತ್ರಿಯ ಕಾಲಕ್ಕೆ ಇಲ್ಲಿ ಸೇರುವ ದನಗಳ ಜಾತ್ರೆ ಸುತ್ತಣ ಸೀಮೆಗೆಲ್ಲ ಹೆಸರಾದುದು.

ಆವಣಿಯ ಹತ್ತನೆಯ ಶತಮಾನದ ಶಾಸನವೊಂದು ತ್ರಿಭುವನಕರ್ತಾರನೆಂಬ ಯತಿಯನ್ನು ನೆನೆಯುತ್ತದೆ. ನಲವತ್ತು ವರ್ಷ ಈ ಸ್ಥಾನವನ್ನು ಆಳಿದ ಆತ ಐವತ್ತು ದೇವಾಲಯಗಳನ್ನು ಕಟ್ಟಿಸಿದನಂತೆ, ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ಐವತ್ತು ಗುಡಿಗಳ ಪಕ್ಕದಲ್ಲಿ ಎರಡು ಕೆರೆಗಳನ್ನು ಮರೆಯದೆ ಕೆತ್ತಿಸಿದ್ದಾರೆ. ಆ ಕೆರೆಗಳ ಬೆಲೆ ಏನೆಂಬುದು ಬೆಟ್ಟ ಹತ್ತಿದವರಿಗೆ ಅಂದು ಹತ್ತೂವರೆ ಗಂಟೆಗೆ ತಿಳಿಯಿತು.

ಹತ್ತುವಾಗ ತಂಪು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು, ನುಣುಪಾದ ಇಳಿಜಾರು, ಅಲ್ಲಲ್ಲಿ ಗುಹೆಯ ಬಾಯಿ. ರಾಜನಿಗೆ ಸಂಭ್ರಮ, ಹಲ್ಲಿ ಕಂಡಲ್ಲೆಲ್ಲ ಓಟ. ಮೇಲೆ ನಿಂತರೆ ಕೆರೆಗಳು ಕನ್ನಡಿಯ ಚೂರುಗಳಂತೆ ಹೊಳೆಯುತ್ತಿದ್ದವು. ಚಿತ್ರ ತೆಗೆಯುವುದರಲ್ಲಿ, ಗುಡಿಗೆ ಸರದಿಯಂತೆ ಹೋಗಿಬರುವುದರಲ್ಲಿ ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಮಾಘದ ಬಿಸಿಲೆಂದು ಹಗುರವಾಗಿ ಎಣಿಸಿದ್ದರು. ಗಾಳಿ ತಂಪಾಗಿಯೇ ಇತ್ತು, ಕಲ್ಲು ಕಾದಿತ್ತು. ಇಳಿಯುತ್ತ ನಡುದಾರಿಯಲ್ಲಿ ರಾಜ ಒಂದು ಕಾಲನ್ನು ಎತ್ತಿತು, ಮತ್ತೊಂದನ್ನು ಎತ್ತಿತು, ಒಂದು ಗುಂಡಿನ ಮರೆಗೆ ನುಗ್ಗಿ ಮಲಗಿಬಿಟ್ಟಿತು. ನಾಲಗೆ ಅಡ್ಡಡ್ಡಲಾಗಿ ಜೋತುಬಿದ್ದಿತ್ತು, ಹೊಟ್ಟೆ ತಿದಿಯಂತೆ ಬಡಿದುಕೊಳ್ಳುತ್ತಿತ್ತು. ಕರೆದರೆ ಕಣ್ಣೆತ್ತುತ್ತಿತ್ತು, ಏಳುತ್ತಿರಲಿಲ್ಲ.

ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಅಂಗಾಲಿನಲ್ಲಿ ಅಷ್ಟೆ. ಉಳಿದ ಕಾವನ್ನು ಅದು ತೇಗುವ ಉಸಿರಿನಿಂದಲೇ ಹೊರಹಾಕಬೇಕು. ಬೂಟು ತೊಟ್ಟವರಿಗೆ ಬಂಡೆಯ ಕಾವು ತಿಳಿಯುವುದಿಲ್ಲ. ಅಂಗೈಯ ಹಿಂಬದಿಯನ್ನು ಕಲ್ಲಿಗೆ ಇಟ್ಟು ಏಳೆಂಟು ಎಣಿಸುವಷ್ಟು ಹೊತ್ತು ಇರಿಸಲಾಗದಿದ್ದರೆ ಅದು ನಾಯಿ ನಡೆಯುವ ನೆಲವಲ್ಲ. ಮಗಳು ಕೈಯಿಟ್ಟು ನೋಡಿ ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು. ಸೀಸೆಯಲ್ಲಿ ಉಳಿದಿದ್ದ ನೀರು ಎರಡು ಗುಟುಕು. ಕ್ಯಾನುಗಳು ಕೆಳಗೆ ಕಾರಿನಲ್ಲಿದ್ದವು. ಯಾರೂ ಯಾರನ್ನೂ ಬೈಯಲಿಲ್ಲ. ಅಷ್ಟು ಹೊತ್ತು ಇರಲಿಲ್ಲ.

ಆಗ ದೊರೆತವನು ಮೇಕೆ ಕಾಯುವ ಒಬ್ಬ ಹುಡುಗ. ಮೇಕೆಗಳಿಗೆ ತೆಲುಗಿನಲ್ಲಿ ಗದರಿ, ಇವರಿಗೆ ಕನ್ನಡದಲ್ಲಿ, "ದೊಣೆ ಅದೆ, ಬನ್ನಿ" ಎಂದ. ಎರಡು ಗುಂಡುಗಳ ನಡುವಿನ ಸಂದಿಯಲ್ಲಿ, ಬಿಸಿಲು ಬೀಳದ ಕಡೆ, ಮಳೆಯ ನೀರು ನಿಂತ ಒಂದು ಸಣ್ಣ ದೊಣೆ. ಇಪ್ಪತ್ತು ಹೆಜ್ಜೆಯ ದೂರ. ತಿಳಿಯದವರು ಇಡೀ ದಿನ ಹುಡುಕಿದರೂ ಸಿಕ್ಕುವಂತಿರಲಿಲ್ಲ. ಯಜಮಾನರು ರಾಜನನ್ನು ಹೆಗಲಿಗೆ ಹಾಕಿಕೊಂಡು ಹೋದರು. ದೊಣೆಯೊಳಕ್ಕೆ ಇಳಿಸುವುದಕ್ಕೆ ಹುಡುಗ ಬಿಡಲಿಲ್ಲ. ಅದು ಮೇಕೆಗಳು ಕುಡಿಯುವ ನೀರು. ಸೀಸೆಯಲ್ಲಿ ಮೊಗೆದು ಅಂಗಾಲುಗಳಿಗೆ, ಹೊಟ್ಟೆಗೆ, ತೊಡೆಯ ಸಂದಿಗೆ ಸುರಿದರು. ಮನೆಯಾಕೆ ಸೆರಗಿನಿಂದ ಗಾಳಿ ಬೀಸಿದರು. ಸಿಕ್ಕಷ್ಟನ್ನೂ ಒಮ್ಮೆಗೇ ಕುಡಿಸದೆ ಸ್ವಲ್ಪಸ್ವಲ್ಪವಾಗಿ ಕುಡಿಸಿದರು. ಅರ್ಧ ಗಂಟೆಯ ಮೇಲೆ ರಾಜ ತಲೆಯೆತ್ತಿ ಒಂದು ಮೇಕೆಯ ಕಡೆಗೆ ನೋಡಿ ಬಾಲವನ್ನು ನೆಲಕ್ಕೆ ಬಡಿಯಿತು. ಮಗಳು ಆವರೆಗೆ ತಡೆದಿದ್ದ ಅಳುವನ್ನು ಆಗ ಅತ್ತಳು.

ಉಳಿದ ದಾರಿಯನ್ನು ಹದಿನೆಂಟು ಕಿಲೋ ತೂಕದ ರಾಜ ಯಜಮಾನರ ಹೆಗಲ ಮೇಲೆಯೇ ಇಳಿಯಿತು. ಬೆಟ್ಟ ಹತ್ತಿ ಬರುತ್ತಿದ್ದವರು ನಕ್ಕರು. ನಗಬೇಕಾದುದೇ. ಕರೆದುಕೊಂಡು ಹೋದವರು ಹೊತ್ತುಕೊಂಡು ಬರುವುದಕ್ಕೂ ಸಿದ್ಧರಿರಬೇಕು.

ಕಲ್ಲಿನಲ್ಲಿ ಉಳಿದ ನಾಯಿಗಳು

ನಾಯಿಗೆ ಇಷ್ಟು ಉಪಚಾರವೇ ಎಂದು ಹುಬ್ಬೇರಿಸುವವರು ಉಂಟು. ಪಟ್ಟಣದ ಹೊಸ ಶೋಕಿಯೆಂದು ಅದನ್ನು ಬಗೆಯುವವರು ಇದೇ ತಾಲ್ಲೂಕಿನ ಕಲ್ಲುಗಳನ್ನು ಓದಬೇಕು. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲೊಂದು ಎರಡು ಬೇಟೆನಾಯಿಗಳ ನೆನಪಿಗೆ ನಿಲ್ಲಿಸಿದುದು. ಅವುಗಳ ಹೆಸರು ಲೋಗ ಮತ್ತು ಧಳಗ. ಅವು ಕೊಂದ ಕಾಡುಹಂದಿಗಳ ಎಣಿಕೆಯನ್ನೂ ಕೆತ್ತಿಸಿದ್ದಾರೆ. ಹಂದಿಯ ಕಾಟ ಎಂಥದೆಂಬುದನ್ನು ನಡುರಾತ್ರಿಯಲ್ಲಿ ಪಟಾಕಿ ಸಿಡಿಸುವ ಇಂದಿನ ರೈತ ಬಲ್ಲ. ಬೆಳೆಯನ್ನು ಉಳಿಸಿಕೊಟ್ಟ ನಾಯಿಗೆ ಕಲ್ಲು ನಿಲ್ಲಿಸಿದ ಅಂದಿನ ಜನರ ಮನಸ್ಸು ಅವನಿಗೆ ಅರ್ಥವಾಗದೆ ಇರಲಾರದು.

ಇದಕ್ಕಿಂತ ಪ್ರಸಿದ್ಧವಾದುದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನ ಸೇವಕನಾದ ಮಣಲೆರ ಅಲ್ಲಿ ವೀರನಾಗಿ ಹೋರಾಡಿದನು. ಮೆಚ್ಚಿದ ಬೂತುಗ ಬೇಡಿದ್ದನ್ನು ಕೊಡುವೆನೆಂದಾಗ ಮಣಲೆರ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದ ಕಡೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ತಾನೂ ಒಟ್ಟಿಗೆ ಸತ್ತುವು. ಮಣಲೆರ ಆತಕೂರಿನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಕಟ್ಟುಪಾಡನ್ನೂ ಬರೆಸಿದನು. ಆ ಸ್ಥಾನದ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದು! ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯೂ ಹಂದಿಯೂ ಸೆಣಸುವ ಶಿಲ್ಪವನ್ನು ಅದರ ಮೇಲೆ ನೋಡಬಹುದು.

ದೊಡ್ಡ ಯುದ್ಧದ ಚರಿತ್ರೆಯನ್ನು ತಿಳಿಯಲು ವಿದ್ವಾಂಸರು ಈ ಶಾಸನವನ್ನು ಓದುತ್ತಾರೆ. ಆದರೆ ಕಲ್ಲು ನಿಂತದ್ದು ನಾಯಿಗಾಗಿ. ಬೇಟೆಗೆ ಬಿಟ್ಟವನು ಮಣಲೆರ, ಸತ್ತದ್ದು ಕಾಳಿ. ಆ ಋಣ ತನ್ನ ಮೇಲಿದೆಯೆಂದು ಅವನು ಒಪ್ಪಿಕೊಂಡನೆಂಬುದಕ್ಕೆ ಆ ಕಲ್ಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಂದು ಸಂಜೆ ಹೊಲದ ಬದುವಿನ ಮೇಲೆ ತಾಯಿ ಈ ಕಥೆಯನ್ನು ಹೇಳಿದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ಬೇಟೆಗೆ ಕಳಿಸದೇ ಇದ್ದಿದ್ರೆ ಬದುಕಿರ್ತಿತ್ತು ಅಲ್ವಾ ಅಮ್ಮ?" ತಾಯಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಕೆರೆಯ ನೀರು

ಮೂರನೆಯ ದಿನ ಡೇರೆ ಕಿತ್ತು, ಗುಣಿಯನ್ನು ಮುಚ್ಚಿ, ಕಸವನ್ನು ಒಂದು ಚೀಲದಲ್ಲಿ ಕಟ್ಟಿ ಕಾರಿಗೆ ಹಾಕಿದರು. ಹೊಲದಲ್ಲಿ ಬಿಟ್ಟ ಪ್ಲಾಸ್ಟಿಕ್ ಹಾಳೆ ಎಂದಾದರೊಂದು ದಿನ ಯಾವುದೋ ಹಸುವಿನ ಹೊಟ್ಟೆ ಸೇರುತ್ತದೆ. ವೃದ್ಧೆ ಹಣ ಮುಟ್ಟಲಿಲ್ಲ. ಒಂದು ಸೇರು ಅವರೆಕಾಯಿಯನ್ನು ತಾವೇ ಮಗಳ ಚೀಲಕ್ಕೆ ಸುರಿದರು. ಊರ ಮೂರು ನಾಯಿಗಳು ರಸ್ತೆಯ ತಿರುವಿನವರೆಗೆ ಕಾರಿನ ಹಿಂದೆ ಓಡಿಬಂದವು.

ಹೊತ್ತೇರುವ ಮೊದಲು ಮುಳಬಾಗಿಲಿನ ಬಡಗಣಕ್ಕಿರುವ ಕುರುಡುಮಲೆಯನ್ನು ನೋಡಿದರು. ಒಂದೇ ಕಲ್ಲಿನಲ್ಲಿ ಆಳೆತ್ತರವನ್ನೂ ಮೀರಿ ಕುಳಿತ ಗಣಪತಿ; ಪಕ್ಕದ ಸೋಮೇಶ್ವರನ ಗುಡಿಯ ಒಂದು ಭಾಗವನ್ನು ಜಕಣಾಚಾರಿಯೂ ಇನ್ನೊಂದು ಭಾಗವನ್ನು ಅವನ ಮಗನೂ ಕೆತ್ತಿದರೆಂದು ಊರವರ ಕಥೆ. ಈ ಸಲ ಹೊರಗೆ ಕುಳಿತ ಸರದಿ ಮಗಳದು ಮತ್ತು ತಂದೆಯದು. ನೆಲ ತಣ್ಣಗಿತ್ತೇ ಎಂದು ಮಗಳು ಕೈಯಿಟ್ಟು ನೋಡಿದ ಮೇಲೆಯೇ ರಾಜ ಕಾರಿನಿಂದ ಇಳಿದದ್ದು.

ಹಿಂದಿರುಗುವ ದಾರಿಯಲ್ಲಿ ಕೋಲಾರದ ಬಳಿ ಒಂದು ತುಂಬಿದ ಕೆರೆ. ರಾಜ ಕಿಟಕಿಯಿಂದಲೇ ನೀರಿನ ವಾಸನೆ ಹಿಡಿದು ಕುಣಿಯತೊಡಗಿತು. ಇಳಿಸಿ ಈಜಲು ಬಿಡಬಹುದಲ್ಲವೆ? ಬಿಡುವ ಮೊದಲು ಕೆರೆಯ ಕಥೆಯನ್ನು ತಿಳಿಯಬೇಕು. ಸದಾ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆ ಪೂರ್ವಿಕರು ಕಟ್ಟಿದ ಸಾವಿರಾರು ಕೆರೆಗಳಿಂದ ಬದುಕಿತು. ಮಳೆ ತಪ್ಪಿ, ಹೂಳು ತುಂಬಿ, ಕಾಲುವೆಗಳು ಒತ್ತುವರಿಯಾಗಿ ಕೆರೆಗಳು ಒಣಗಿದುವು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದುವು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡಿನ ಅಂಶವೂ ಬಂದಿತು. ಕೊನೆಗೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಬಂದಿತು. 2018ರ ಜೂನ್ ತಿಂಗಳಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಯೋಜನೆಯ ಗುರಿ. ಅಂತರ್ಜಲವನ್ನು ತುಂಬುವುದು ಅದರ ಉದ್ದೇಶ. ಕುಡಿಯುವುದಕ್ಕಾಗಲಿ ಮೀಯುವುದಕ್ಕಾಗಲಿ ಹರಿಸಿದ ನೀರಲ್ಲ. ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಂಡ ರೈತನಿಗೆ ಅದರಿಂದ ಸಂತೋಷವಾಗಿದೆ. ಸಂಸ್ಕರಣೆ ಸಾಲದೆಂದು ಆತಂಕಪಡುವವರೂ ಅದೇ ಊರುಗಳಲ್ಲಿದ್ದಾರೆ.

ಬೆಂಗಳೂರಿನ ಸಂಸಾರವೊಂದಕ್ಕೆ ಈ ಕೆರೆಯ ದಂಡೆಯಲ್ಲಿ ಯೋಚಿಸತಕ್ಕ ವಿಷಯವಿದೆ. ತಮ್ಮ ಮನೆಯ ಬಚ್ಚಲಿನಿಂದ ಹೋದ ನೀರು ಅರುವತ್ತು ಎಪ್ಪತ್ತು ಕಿಲೋಮೀಟರು ಹರಿದು ಬಂದು ಇಲ್ಲಿ ನಿಂತಿರಬಹುದು. ಮೂರು ದಿನ ಈ ಸೀಮೆಯವರು ಅವರಿಗೆ ಕೊಟ್ಟದ್ದು ದೊಣೆಯ ತಿಳಿನೀರು, ಮುದ್ದೆ, ಅವರೆಕಾಯಿ, ಮಲಗಲು ಹೊಲ. ಪಟ್ಟಣ ಈ ಸೀಮೆಗೆ ಹಿಂದಿರುಗಿಸುತ್ತಿರುವುದು ಇದು.

ಮನೆಯಾಕೆ ಕಾರನ್ನು ಏರಿಯ ಕೆಳಗಿನ ಹೊಂಗೆಯ ನೆರಳಿನಲ್ಲಿ ನಿಲ್ಲಿಸಿದರು. ರಾಜ ನೀರಿನ ಕಡೆಗೆ ಹಗ್ಗ ಜಗ್ಗಿತು. ಮಗಳು ಎರಡು ಕೈಗಳಿಂದಲೂ ಹಗ್ಗವನ್ನು ಹಿಡಿದು ನಿಂತಳು. ತಂದೆ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ತಟ್ಟೆಗೆ ಸುರಿದರು. ರಾಜ ಒಮ್ಮೆ ಕೆರೆಯನ್ನು ನೋಡಿತು, ಒಮ್ಮೆ ತಟ್ಟೆಯನ್ನು ನೋಡಿತು. ಬಾಯಾರಿಕೆ ಗೆದ್ದಿತು.

ಇಂಥ ಪ್ರಯಾಣಕ್ಕೆ ಖರ್ಚು ಬಹಳ ಇಲ್ಲ, ದೂರವೂ ಬಹಳ ಇಲ್ಲ. ಕಾರ್ತಿಕದಿಂದ ಮಾಘದವರೆಗೆ ಕಾಲ ಅನುಕೂಲವಾಗಿರುತ್ತದೆ. ಹೊರಡುವವರು ಬೆಟ್ಟವನ್ನು ಒಂಬತ್ತು ಗಂಟೆಯೊಳಗೆ ಇಳಿಯಲಿ, ಜಾಗವನ್ನು ಕೇಳಿ ಇಳಿಯಲಿ, ನೀರನ್ನು ಕಾರಿನಲ್ಲಿ ಬಿಡದೆ ಬೆನ್ನಮೇಲೆ ಹೊತ್ತುಕೊಳ್ಳಲಿ. ದೊಣೆ ಎಲ್ಲಿದೆಯೆಂದು ಬಲ್ಲ ಮೇಕೆಯ ಹುಡುಗ ಪ್ರತಿ ಸಲವೂ ಎದುರಿಗೆ ಬರುತ್ತಾನೆಂದು ನೆಚ್ಚುವ ಹಾಗಿಲ್ಲ.